ಮೊಬೈಲ್ ಯುಗದಲ್ಲಿ ರೈತ ಮತ್ತು ಸಹಕಾರ ಸಂಘ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಂದೂರಿನ ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ್ದು ಸಂತೋಷದ ಸಂಗತಿ. ಇದೇ ಅವಧಿಯಲ್ಲಿ ಮೊಬೈಲೂ ಬೆಳೆದು ನಮ್ಮ ಅಂಗಿ ಕಿಸೆಯೊಳಗೆ ಬಂದು ಕೂತಿದೆ. ಅದರ ಬಗ್ಗೆ ಎರಡು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದ್ದಾರೆ.

ನಾವು ನಿಂತ ಜಾಗ ಮೊಬೈಲಿಗೆ ಹ್ಯಾಂಗ ಗೊತ್ತಾಗ್ತದ? ಆಕಾಶದಲ್ಲಿ ತಿರುಗುವ ಉಪಗ್ರಹಗಳು ತಮ್ಮ ಗಡಿಯಾರದ ಹೊತ್ತನ್ನು ಸದಾ ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬಂದು ಮುಟ್ಟಿದ ಹೊತ್ತಿನ ಲೆಕ್ಕದಿಂದ ಮೊಬೈಲು ತನ್ನ ಜಾಗ ತಿಳಿಯುತ್ತದೆ. ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ಅಮೆರಿಕದ ಜಿಪಿಎಸ್ ಸಂಕೇತದಲ್ಲಿ 2000ದ ಮೇ ತಿಂಗಳವರೆಗೆ ಸಾಮಾನ್ಯರಿಗಾಗಿ ಬೇಕೆಂದೇ ತಪ್ಪು ಬೆರೆಸಲಾಗುತ್ತಿತ್ತು. ಬಳಿಕ ಅದನ್ನು ತೆಗೆದರು. ನಮ್ಮ ಇಸ್ರೋ 2013ರಿಂದ 2016ರೊಳಗೆ ಏಳು ಉಪಗ್ರಹ ಹಾರಿಸಿ ‘ನಾವಿಕ್’ ಎಂಬ ಸ್ವಂತ ವ್ಯವಸ್ಥೆ ಕಟ್ಟಿತು.

ಈ ವಿದ್ಯೆಯ ಮೇಲೆ ಬೆಂಗಳೂರಿನಂಥ ಊರುಗಳಲ್ಲಿ ಹೊಸ ಕಂಪನಿಗಳು ಎದ್ದವು. ಆಟೋ, ಟ್ಯಾಕ್ಸಿ ಮನೆ ಬಾಗಿಲಿಗೆ ಬಂದವು. ಆದರೆ ಪ್ರತಿ ಬಾಡಿಗೆಯಲ್ಲಿ ಕಂಪನಿಗೆ ಕಮಿಷನ್ ಹೋಗುವುದು ಚಾಲಕರಿಗೆ ಭಾರವಾಯಿತು. 2022ರಲ್ಲಿ ಬೆಂಗಳೂರಿನ ಆಟೋ ಚಾಲಕರ ಸಂಘ ಜೊತೆಗೂಡಿ ‘ನಮ್ಮ ಯಾತ್ರಿ’ ಶುರುವಾಯಿತು. ಅಲ್ಲಿ ಬಾಡಿಗೆಯಲ್ಲಿ ಕಮಿಷನ್ ಕೊಡುವಂತಿಲ್ಲ. ಇದು ನಮಗೆ ಹೊಸ ಮಾತಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಇದೇ ಉದ್ದೇಶಕ್ಕೆ: ದುಡಿದವನ ದುಡ್ಡು ನಡುವಿನವರ ಪಾಲಾಗಬಾರದು.

ಈಗ ನಮ್ಮ ಹೊಲಕ್ಕೆ ಬರೋಣ. ‘ದಿಶಾಂಕ್’ ತೆರೆದರೆ ನಿಂತ ನೆಲದ ಸರ್ವೆ ನಂಬರು ಕಾಣುತ್ತದೆ. 2020ರಿಂದ ಬೆಳೆ ಸಮೀಕ್ಷೆಯನ್ನು ರೈತರೇ ಮೊಬೈಲಿನಲ್ಲಿ ಮಾಡಬಹುದು. ಹೊಲದಲ್ಲೇ ನಿಂತು ಫೋಟೋ ತೆಗೆಯಬೇಕು. ತೊಗರಿಯ ಬೆಂಬಲ ಬೆಲೆ ಖರೀದಿಗೂ, ಬೆಳೆ ವಿಮೆಗೂ, ಪರಿಹಾರಕ್ಕೂ ಅದೇ ದಾಖಲೆ ನೋಡುತ್ತಾರೆ. ತೊಗರಿ ಬಿತ್ತಿ ದಾಖಲೆಯಲ್ಲಿ ಬೇರೆ ಬೆಳೆ ಕೂತರೆ ಚೀಲ ಹೊತ್ತು ಖರೀದಿ ಕೇಂದ್ರಕ್ಕೆ ಹೋದವನು ತಿರುಗಿ ಬರಬೇಕಾಗ್ತದ್ರಿ. ಜಿಪಿಎಸ್‌ನಲ್ಲಿ ಕೆಲವು ಮೀಟರ್ ಹೆಚ್ಚುಕಡಿಮೆ ಇರುವುದರಿಂದ ಬದುವಿನ ಮೇಲೆ ನಿಲ್ಲಬೇಡಿ, ಹೊಲದ ನಡುವೆ ನಿಲ್ಲಿ. ಆಲಿಕಲ್ಲು ಬಿದ್ದರೆ, ಹೊಲ ಜಲಾವೃತವಾದರೆ, ವಿಮೆ ಮಾಡಿಸಿದವರು 72 ಗಂಟೆಯೊಳಗೆ ತಿಳಿಸಬೇಕು.

ಎಲ್ಲರ ಕೈಯಾಗೂ ಇಂಥ ಮೊಬೈಲ್ ಇಲ್ಲ. ಮುಪ್ಪಾದವರು, ಒಂಟಿ ಹೆಣ್ಣುಮಕ್ಕಳು, ಓದು ಬಾರದವರು ಯಾರ ಬಾಗಿಲಿಗೆ ಹೋಗಬೇಕು? ನಡುವೆ ನಿಂತು ದುಡ್ಡು ಕೇಳುವವರು ಇಲ್ಲೂ ಹುಟ್ಟುತ್ತಾರೆ. ಕೇಂದ್ರ ಸರ್ಕಾರ 2022ರಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಮಂಜೂರಿ ಕೊಟ್ಟಿತು. ಆದರೆ ಕಂಪ್ಯೂಟರ್ ಬಂದರೆ ಸಾಲದು, ಕಲಿಸುವ ಮನುಷ್ಯ ಬೇಕು. ಸಮೀಕ್ಷೆಯ ದಿನಗಳಲ್ಲಿ ಊರಿನ ಇಬ್ಬರು ಕಲಿತ ಹುಡುಗರನ್ನು ಸಂಘವೇ ನೇಮಿಸಿ, ಇಂಥ ಸದಸ್ಯರ ಹೊಲಕ್ಕೆ ಕಳಿಸಲಿ. ದಾಖಲಾದ ಬೆಳೆಯ ಯಾದಿಯನ್ನು ಸಂಘದ ಕಟ್ಟೆಯ ಮೇಲೆ ಓದಿ ಹೇಳಲಿ. ತಪ್ಪಿದ್ದರೆ ಅವಧಿಯೊಳಗೇ ಆಕ್ಷೇಪಣೆ ಸಲ್ಲಿಸಬಹುದು.

ಈ ಮಹೋತ್ಸವದ ನೆನಪಿಗೆ ಇದೊಂದು ಠರಾವು ಆಗಲಿ ಎಂದು ಆಡಳಿತ ಮಂಡಳಿಯನ್ನು ವಿನಂತಿಸಿ, ನನ್ನ ಮಾತು ಮುಗಿಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.