ಮಹಾಪೂರದಲ್ಲಿ ತೇಲಿಬರುವ ಮರಗಳು



ಇಂಡಿ, ಸಿಂದಗಿ ತಾಲೂಕುಗಳ ಕಡೆಗೆ ಭೀಮೆಯೂ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಕಡೆಗೆ ಕೃಷ್ಣೆಯೂ, ನಡುವೆ ಡೋಣಿಯೂ ಹರಿಯುತ್ತಿರುವುದರಿಂದ ಮಹಾಪೂರವೆಂದರೇನೆಂಬುದನ್ನು ತಮಗೆ ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ನೀರಿನ ಏರಿಳಿತವನ್ನು ಗಮನಿಸುವಷ್ಟು ಎಚ್ಚರದಿಂದ, ನೀರಿನೊಡನೆ ಬರುವ ಮರಮುಟ್ಟನ್ನು ನಾವು ಗಮನಿಸುವುದಿಲ್ಲ. ಈ ದಿನ ಅರಿಕೆಮಾಡತಕ್ಕುದು ಅದರ ವಿಷಯವನ್ನೇ.

ಈ ಮರಗಳು ಸಹ್ಯಾದ್ರಿಯ ಅಡವಿಯಿಂದ ಬರುವುವೆಂದು ಹಲವರ ತಿಳಿವಳಿಕೆ. ಕೃಷ್ಣೆಗೆ ಆಲಮಟ್ಟಿಯಲ್ಲಿಯೂ, ಭೀಮೆಗೆ ಸೊಲ್ಲಾಪುರ ಜಿಲ್ಲೆಯ ಉಜನಿಯಲ್ಲಿಯೂ ಅಣೆಕಟ್ಟುಗಳಾದ ಮೇಲೆ, ಮೇಲಿನಿಂದ ಬಂದ ದಿಮ್ಮಿಗಳು ಬಹುಮಟ್ಟಿಗೆ ಅಲ್ಲಿಯ ನಿಂತ ನೀರಿನಲ್ಲಿಯೇ ಉಳಿಯುವುವು. ಅವುಗಳ ಕೆಳಗೆ ಕಾಣುವ ಮರವು ಹೆಚ್ಚಾಗಿ ನಮ್ಮದೇ ದಂಡೆಯದು, ನಮ್ಮದೇ ಹಳ್ಳದ್ದು. ಎರೆಭೂಮಿಯು ಬೇಸಗೆಯಲ್ಲಿ ಆಳವಾಗಿ ಬಿರಿಯುವುದಷ್ಟೆ; ಪೂರವು ದಂಡೆಯ ಬುಡವನ್ನು ಕೊರೆದಾಗ ಆ ಬಿರುಕಿನ ಗುಂಟ ಮಣ್ಣು ಮರಸಹಿತವಾಗಿ ಜಾರುವುದು. ನೀರು ಏರುವಾಗ ಅಲ್ಲ, ಇಳಿಯುವಾಗಲೇ ಈ ಕುಸಿತ ಹೆಚ್ಚು. ನೆನೆದು ಭಾರವಾದ ದಂಡೆಗೆ ಆತುಕೊಂಡಿದ್ದ ನೀರಿನ ಆಸರೆಯು ಆಗ ತಪ್ಪಿಹೋಗುವುದು. ಪೂರ ಇಳಿಯಿತೆಂದು ದಂಡೆಯ ಮೇಲೆ ಎತ್ತುಗಳನ್ನು ನಿಲ್ಲಿಸುವವರು ಇದನ್ನು ನೆನೆಯಬೇಕು.

ಡೋಣಿಯ ಸ್ಥಿತಿ ಬೇರೆ. ಜತ್ತ ಸೀಮೆಯಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ಈ ನದಿಯು ಹರಿದರೆ ಓಣಿಗೆಲ್ಲ ಕಾಳು ಎಂದು ಹಿರಿಯರು ಹೊಗಳುತ್ತಿದ್ದರು. ಈಗ ಅದರ ಪಾತ್ರದಲ್ಲಿ ಹೂಳು ತುಂಬಿದೆ. ಹೂಳಿನ ಮೇಲೆ ಬಳ್ಳಾರಿ ಜಾಲಿ ಬೆಳೆದಿದೆ. ಜಾಲಿ ಹೂಳನ್ನು ತಡೆಯುವುದು, ಹೂಳು ಜಾಲಿಯನ್ನು ಸಾಕುವುದು. ಹೀಗೆ ಹೊಳೆಗೆ ಜಾಗವಿಲ್ಲದೆ ನೀರು ಹೊಲಕ್ಕೆ ನುಗ್ಗುವುದು. ತಾಳಿಕೋಟೆಯ ಬಳಿಯ ತಗ್ಗು ಸೇತುವೆ ಮುಳುಗಿ ದಾರಿ ಕಡಿದುಹೋಗುವುದನ್ನು ಮುದ್ದೇಬಿಹಾಳದ ಕಡೆಯವರು ಬಲ್ಲರು.

ಸೇತುವೆಗೂ ಬಾಂದಾರಕ್ಕೂ ಕೆಡಕಾಗುವ ಬಗೆಯನ್ನು ಸ್ವಲ್ಪ ವಿವರಿಸುವೆನು. ಮೊದಲು ಒಂದೇ ಒಂದು ಉದ್ದನೆಯ ಮರವು ಎರಡು ಕಂಬಗಳಿಗೆ ಅಡ್ಡವಾಗಿ ಸಿಕ್ಕಿಕೊಳ್ಳುವುದು. ಬೇರು ಕೊಂಬೆಗಳುಳ್ಳ ಮರವಾದರೆ ಸಿಕ್ಕುವುದು ಇನ್ನೂ ಸುಲಭ. ಅದಕ್ಕೆ ಕಂಟಿ, ಕಂಟಿಗೆ ಕಬ್ಬಿನ ರವದಿ, ಜಲಕಳೆ, ಹುಲ್ಲು ತಗುಲಿ ಗೋಡೆಯೇ ಆಗುವುದು. ಮೇಲ್ಗಡೆ ನೀರು ಏರಿ ಪಕ್ಕದ ಹೊಲಗಳನ್ನು ಮುಳುಗಿಸುವುದು. ಉಳಿದ ಕಂಡಿಯಲ್ಲಿ ರಭಸವು ಹೆಚ್ಚಿ ಕಂಬದ ಬುಡದ ಮಣ್ಣನ್ನು ತೋಡುವುದು. ಆದುದರಿಂದ ಸೇತುವೆಯು ಮೇಲಿನಿಂದ ಮುರಿಯುವುದಕ್ಕಿಂತ ಕೆಳಗಿನಿಂದ ಕುಸಿಯುವ ಭಯವೇ ಹೆಚ್ಚಿನದು. ಮೊದಲನೆಯ ಮರವನ್ನು ನೀರಿಲ್ಲದ ಕಾಲದಲ್ಲಿ ತೆಗೆದಿದ್ದರೆ ಉಳಿದುದು ಹರಿದುಹೋಗುತ್ತಿದ್ದಿತು.

ಹಾಗಾದರೆ ದಂಡೆಯ ಮರಗಳನ್ನೆಲ್ಲ ಕಡಿದುಬಿಡೋಣವೇ? ಕೂಡದು. ಬೇರೂರಿ ನಿಂತ ಬೇವು, ಹೊಂಗೆ, ಕರಿಜಾಲಿಗಳೇ ದಂಡೆಯನ್ನು ಹಿಡಿದಿರುವುವು. ಬುಡ ಕೊರೆದು ಹೊಳೆಯ ಕಡೆಗೆ ವಾಲಿದವುಗಳ ವಿಷಯವನ್ನು ಅರಣ್ಯ ಇಲಾಖೆಗೆ ತಿಳಿಸಿ ಅಪ್ಪಣೆ ಪಡೆದು ತೆಗೆಯಬೇಕು. ಬಳ್ಳಾರಿ ಜಾಲಿಯನ್ನು ಮಾತ್ರ ಬೊಡ್ಡೆಸಹಿತ ಕೀಳಬೇಕು. ಕಡಿದರೆ ಮತ್ತೆ ಚಿಗುರುವುದು. ಕಿತ್ತ ಕಂಟಿಯನ್ನು ದಡದಲ್ಲಿಯೇ ರಾಶಿಹಾಕುವ ರೂಢಿಯು ತೀರ ಅನರ್ಥಕರ. ಮುಂದಿನ ಪೂರಕ್ಕೆ ನಾವೇ ಸೌದೆ ಒಟ್ಟಿಕೊಟ್ಟಂತೆ! ಮಡುಗಳ ತಳದಲ್ಲಿ ಹೂತುಹೋದ ಹಳೆಯ ಬೊಡ್ಡೆಗಳು, ಸೇತುವೆಗೆ ದೂರವಾಗಿದ್ದರೆ, ಇರಲಿ. ಮೀನುಗಳಿಗೆ ಅವೇ ಆಸರೆ. ಅಮೇರಿಕೆಯ ರೆಡ್ ನದಿಯಲ್ಲಿ ನೂರಕ್ಕೂ ಹೆಚ್ಚು ಮೈಲಿ ಒಟ್ಟಿದ್ದ ಮರದ ರಾಶಿಯನ್ನು ಒಡೆಯಲು 1833ರಲ್ಲಿ ಆರಂಭಿಸಿ 1873ರವರೆಗೂ ಹೆಣಗಿದರು. ಈಗ ಅದೇ ದೇಶದಲ್ಲಿ ಮೀನುಗಳಿಗಾಗಿ ಕೆಲವು ಹೊಳೆಗಳಿಗೆ ದಿಮ್ಮಿಗಳನ್ನು ತಿರುಗಿ ಹಾಕುತ್ತಿರುವರು.

ತೇಲಿಬಂದ ಮರವು ಹಿಡಿದವನದೆಂಬ ಭಾವನೆಯುಂಟು. ಅರಣ್ಯ ಕಾಯಿದೆಯಂತೆ, ತೇಲುವ ಅಥವಾ ದಡಕ್ಕೆ ಬಿದ್ದ ನಾಟವು, ಯಾರಾದರೂ ತಮ್ಮ ಹಕ್ಕನ್ನು ಸ್ಥಾಪಿಸುವ ತನಕ, ಸರಕಾರದ ಸ್ವತ್ತೆಂದು ಎಣಿಸಲ್ಪಡುವುದು. ಆದುದರಿಂದ ಹೊಲದಲ್ಲಿ ದೊಡ್ಡ ದಿಮ್ಮಿ ಬಿದ್ದರೆ ಕೊಯ್ಯುವ ಮೊದಲು ವರದಿಮಾಡುವುದು ಕ್ಷೇಮ.

ಇದಕ್ಕಿಂತ ಮುಖ್ಯವಾದುದು ಪ್ರಾಣ. ಹತ್ತು ಅಡಿ ಉದ್ದ, ಒಂದೂವರೆ ಅಡಿ ಅಡ್ಡಳತೆಯ ದಿಮ್ಮಿಯು ನೀರುಂಡಾಗ ಸುಮಾರು 5 ಕ್ವಿಂಟಾಲು ತೂಗುವುದು. ಹಸಿ ಜಾಲಿಯು ಬಹುಭಾಗ ಮುಳುಗಿಯೇ ಸಾಗುವುದರಿಂದ ಎದೆಗೆ ಬಡಿಯುವ ತನಕ ಕಣ್ಣಿಗೆ ಬೀಳದು. ಸೌದೆಗಾಗಿ ಹುಡುಗರು ಹಗ್ಗ ಕಟ್ಟಿಕೊಂಡು ಇಳಿಯುವುದನ್ನು ಊರ ಹಿರಿಯರು ಕಟ್ಟುನಿಟ್ಟಾಗಿ ತಡೆಯಬೇಕು. ದಡದ ಪಂಪುಗಳನ್ನೂ ಪೈಪುಗಳನ್ನೂ ಮುಂಚಿತವಾಗಿಯೇ ಮೇಲಕ್ಕೆ ಸಾಗಿಸತಕ್ಕುದು.

ಹಳ್ಳಗಳ ಸೇತುವೆಗಳನ್ನು ಮಿರಗದ ಮಳೆಗೆ ಮುಂಚೆ ಒಮ್ಮೆ ನೋಡಿಕೊಂಡರೆ ಸಾಲದು. 2020ರಲ್ಲಿ ಭೀಮೆಗೆ ಮಹಾಪೂರ ಬಂದುದು ಅಕ್ಟೋಬರಿನಲ್ಲಿ, ಚಿತ್ತೆಯ ಮಳೆಯ ಕಾಲದಲ್ಲಿ. ಆಗಸ್ಟಿನ ನೀರಿಗೆ ಸಿಕ್ಕಿಕೊಂಡ ಮರಗಳನ್ನು ಮಳೆಗಾಲದ ನಡುವಿನ ಬಿಡುವಿನಲ್ಲಿ, ನೀರು ಪೂರಾ ತಗ್ಗಿರುವಾಗ, ಇನ್ನೊಮ್ಮೆ ತೆಗೆಸತಕ್ಕುದು.