ಹೆಸರು ಅಳಿಸಿದರೆ ಗುರುತು ಅಳಿಯಿತೇ?

(ಬೆಂಗಳೂರಿನ ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಈ ಊರಿನ ಕಂಪನಿಗಳಲ್ಲಿ, ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳಲ್ಲಿ ಕಂಪ್ಯೂಟರಿನ ಮುಂದೆ ಕೂತಿರುವವರು ನೀವು. ಲಕ್ಷಾಂತರ ಜನರ ಮಾಹಿತಿ ನಿಮ್ಮ ಕೈ ದಾಟಿ ಹೋಗುತ್ತದೆ. ಒಂದು ದಿನ ಮೇಲಧಿಕಾರಿ ಹೇಳುತ್ತಾರೆ: “ಈ ಪಟ್ಟಿ ಸಂಶೋಧಕರಿಗೆ ಹೋಗಬೇಕು. ಹೆಸರಿನ ಕಾಲಂ ತೆಗೆದುಬಿಡಿ, ಸಾಕು.” ಸಾಕೇ? ಸಾಲದು! ಅದನ್ನು ಹೇಳುವುದಕ್ಕೇ ಇಲ್ಲಿ ನಿಂತಿದ್ದೇನೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಥೆ ಕೇಳಿ. 1990ರ ದಶಕದ ಮಧ್ಯದಲ್ಲಿ ಅಲ್ಲಿನ ಸರ್ಕಾರಿ ವಿಮಾ ಆಯೋಗ ಸುಮಾರು 1,35,000 ಮಂದಿಯ ಚಿಕಿತ್ಸೆಯ ದಾಖಲೆಗಳನ್ನು ಸಂಶೋಧನೆಗೆ ಕೊಟ್ಟಿತು. ರಾಜ್ಯದ ನೌಕರರು, ಅವರ ಮನೆಯವರು ಎಲ್ಲ ಅದರಲ್ಲಿದ್ದರು. ಹೆಸರು ತೆಗೆದಿದ್ದರು. ಆದರೆ ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಎಂಬುದು, ನಮ್ಮ ಪಿನ್ ಕೋಡಿನಂಥ ಜಿಪ್ ಕೋಡು, ಈ ಮೂರನ್ನು ಬಿಟ್ಟಿದ್ದರು. ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಕೊಂಡರು. ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅದೇ ಊರಿನವರು. ಅವರು ಹುಟ್ಟಿದ ದಿನವೇ ಹುಟ್ಟಿದವರು ಪಟ್ಟಿಯಲ್ಲಿ ಆರು ಜನ. ಅವರಲ್ಲಿ ಗಂಡಸರು ಮೂವರು. ಗವರ್ನರರ ಜಿಪ್ ಕೋಡಿನಲ್ಲಿ ಒಬ್ಬರೇ! ನಾಡಾಳುವವನ ಕಾಯಿಲೆಯ ಕಾಗದವೇ ಬಯಲಾದ ಮೇಲೆ ಬಡ ಗುಮಾಸ್ತನ ಗತಿಯೇನು?

ಇಲ್ಲಿ ಯಾರೂ ಬೀಗ ಮುರಿಯಲಿಲ್ಲ, ಯಾರೂ ಕದಿಯಲಿಲ್ಲ. ಎರಡು ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟರು, ಅಷ್ಟೆ.

“ಸಂಕೇತ ಹಾಕಿ ಮುಚ್ಚುತ್ತೇವೆ” ಎನ್ನುವವರೂ ಇದ್ದಾರೆ. 2014ರಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿ ಆಯೋಗ ಹಿಂದಿನ ವರ್ಷದ 17 ಕೋಟಿಗೂ ಹೆಚ್ಚು ಟ್ರಿಪ್ಪುಗಳ ವಿವರ ಕೊಟ್ಟಾಗ ಮಾಡಿದ್ದು ಅದನ್ನೇ. ಕಾರಿನ ಸಂಖ್ಯೆಯನ್ನೂ ಚಾಲಕನ ಲೈಸೆನ್ಸ್ ಸಂಖ್ಯೆಯನ್ನೂ ಎಂಡಿ5 ಎಂಬ ಸೂತ್ರದಿಂದ ಮರೆಸಿತ್ತು. ಆದರೆ ಟ್ಯಾಕ್ಸಿ ಸಂಖ್ಯೆಗಳಿಗೆ ಒಂದು ಮಿತಿ ಉಂಟಲ್ಲ! ಸಾಧ್ಯವಿರುವ ಸಂಖ್ಯೆಗಳನ್ನೆಲ್ಲ ಅದೇ ಸೂತ್ರಕ್ಕೆ ಹಾಕಿ ಹೋಲಿಸಿದರು. ಕೆಲವೇ ಗಂಟೆಗಳಲ್ಲಿ ಗುಟ್ಟು ರಟ್ಟಾಯಿತು. ಹತ್ತೇ ಅಂಕಿಯ ನಮ್ಮ ಮೊಬೈಲ್ ನಂಬರನ್ನು ಹೀಗೆ ಮುಚ್ಚಿದರೂ ಅದೇ ಪಾಡು.

ಹಾಗಾದರೆ ಮಾಹಿತಿಯನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕೋಣವೇ? ಬೇಡ. ಎಲ್ಲಿ ಯಾವ ರೋಗ ಹಬ್ಬುತ್ತಿದೆ ಎಂದು ತಿಳಿಯಲು ಅದು ಬೇಕು. ಕಂಪ್ಯೂಟರಿಗೆ ಕನ್ನಡ ಬರಬೇಕಾದರೂ ಬೇಕು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಗಳ ಮಾತನ್ನು ಸಂಗ್ರಹಿಸುತ್ತಿರುವುದು ಅದಕ್ಕೇ. ಕನ್ನಡಿಗರು ದನಿ ಕೊಡೋಣ. ಆದರೆ ದನಿಯೇ ಒಂದು ಗುರುತು. ಮಾತಿನ ನಡುವೆ ಮಗಳ ಹೆಸರು, ಮನೆಯ ಬೀದಿ, ಮೈಯ ಕಾಯಿಲೆ ನುಸುಳಿದರೆ ಅದನ್ನು ಕತ್ತರಿಸುವವನು ಕನ್ನಡ ಬಲ್ಲವನೇ ಆಗಿರಬೇಕು!

ನೀವು ಮಾಡಬೇಕಾದ್ದು ಇಷ್ಟು. ಕೇಳಿದ್ದನ್ನೆಲ್ಲ ಕೊಡಬೇಡಿ, ಕೆಲಸಕ್ಕೆ ಬೇಕಾದಷ್ಟೇ ಕೊಡಿ. ಹುಟ್ಟಿದ ದಿನಾಂಕದ ಬದಲು ವರ್ಷ, ಪಿನ್ ಕೋಡಿನ ಬದಲು ಜಿಲ್ಲೆ ಸಾಕಾಗುವುದೇ ನೋಡಿ. ಪಟ್ಟಿಯ ಒಂದೊಂದು ಸಾಲೂ ಕನಿಷ್ಠ ಹತ್ತು ಮಂದಿಗೆ ಹೊಂದುವಂತಿರಲಿ. ಆ ಹತ್ತೂ ಜನಕ್ಕೆ ಒಂದೇ ರೋಗವಿದ್ದರೆ ಅದೂ ವ್ಯರ್ಥ, ಎಚ್ಚರ! ಒಂದು ಹಳ್ಳಿಯಲ್ಲಿ ಇಂಥ ರೋಗಿ ‘1’ ಎಂದು ಅಚ್ಚಾದರೆ ಊರಿಗೆಲ್ಲ ಆತ ಯಾರೆಂದು ಗೊತ್ತು. ಅಂಥ ಸಣ್ಣ ಸಂಖ್ಯೆಗಳನ್ನು ಮರೆಮಾಡಿ. ಲೆಕ್ಕಕ್ಕೆ ಅಳತೆ ಮಾಡಿದ ಒಂದಿಷ್ಟು ಏರುಪೇರು ಬೆರೆಸಿ, ಒಟ್ಟು ಚಿತ್ರ ಉಳಿಸಿ ವ್ಯಕ್ತಿಯನ್ನು ಮರೆಸುವ ಗಣಿತವನ್ನು 2006ರಲ್ಲೇ ಸಿಂಥಿಯಾ ಡ್ವರ್ಕ್ ಮತ್ತು ಸಂಗಡಿಗರು ಕೊಟ್ಟರು. ಅಮೆರಿಕ 2020ರ ಜನಗಣತಿಗೆ ಅದನ್ನು ಬಳಸಿತು. ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಿ: ಈ ಪಟ್ಟಿಯ ಪಕ್ಕ ಇಡಬಹುದಾದ ಇನ್ನೊಂದು ಪಟ್ಟಿ ಯಾರ ಬಳಿ ಇದೆ?

ಮಿತ್ರರೇ, ಈ ಹಕ್ಕಿನ ಹೋರಾಟದಲ್ಲಿ ಕನ್ನಡ ನಾಡಿನ ಹೆಸರೂ ಇದೆ. 2012ರಲ್ಲಿ, 86ರ ಇಳಿವಯಸ್ಸಿನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅವರ ಹೆಸರಿನ ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು: ಖಾಸಗಿತನ ಮೂಲಭೂತ ಹಕ್ಕು. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯ್ದೆಯೂ ಬಂತು.

ಕಾಯ್ದೆ ದೆಹಲಿಯಲ್ಲಿದೆ. ಆದರೆ ಫೈಲು ಕಳಿಸುವ ಗುಂಡಿ ಇರುವುದು ನಿಮ್ಮ ಬೆರಳ ತುದಿಯಲ್ಲಿ. ಒಮ್ಮೆ ಹೊರಬಿದ್ದ ಪಟ್ಟಿ ಮರಳಿ ಬಾರದು. ಅದರ ಒಂದೊಂದು ಸಾಲಿನಲ್ಲೂ ನಿಮ್ಮನ್ನು ನಂಬಿದ ಒಬ್ಬ ಮನುಷ್ಯ ಇದ್ದಾನೆ. ಮೇಲಧಿಕಾರಿ ಅವಸರ ಮಾಡಿದರೂ ಸರಿ, “ಇನ್ನೂ ಸಿದ್ಧವಾಗಿಲ್ಲ ಸಾರ್” ಎನ್ನುವ ಧೈರ್ಯ ಮಾಡಿ!