ಚಪ್ಪಾಳೆಯಿಂದ ತೀರದ ಋಣ

(ಮೇ 12ರ ದಾದಿಯರ ದಿನದ ಪ್ರಯುಕ್ತ ಮೊಹಲ್ಲಾ ಜಮಾಅತೊಂದು ಏರ್ಪಡಿಸಿದ್ದ ಸನ್ಮಾನ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸನ್ಮಾನ ಸಭೆಯಲ್ಲಿ ಭಾಷಣ ಮಾಡುವವರ ಕೆಲಸ ಬಹಳ ಸುಲಭ. ಸನ್ಮಾನಿತರನ್ನು ಹೊಗಳಬೇಕು, ಸಂಘಟಕರನ್ನು ಅಭಿನಂದಿಸಬೇಕು, ಊಟದ ಹೊತ್ತಿಗೆ ಮುಗಿಸಬೇಕು. ಆದರೆ ಸಂಘಟಕರು ನಮಗೆ ಕೊಟ್ಟಿರುವ ವಿಷಯ 'ಕೃತಜ್ಞತೆ'. ಈ ವಿಷಯದ ಮೇಲೆ ಮಾತನಾಡಲು ನಿಂತವರಿಗೆ ಕೇವಲ ಹೊಗಳಿ ಇಳಿದು ಹೋಗಲು ಸಾಧ್ಯವಿಲ್ಲ. ಆದ್ದರಿಂದ ಒಂದೆರಡು ಕಹಿ ಮಾತುಗಳಿಗೆ ಮೊದಲೇ ಕ್ಷಮೆ ಕೋರುತ್ತೇವೆ.

2020ರ ಮಾರ್ಚ್ 22, ಆದಿತ್ಯವಾರ. ಜನತಾ ಕರ್ಫ್ಯೂವಿನ ದಿನ. ಸಂಜೆ 5 ಗಂಟೆಗೆ ಮನೆಯ ಬಾಗಿಲಲ್ಲಿ, ಬಾಲ್ಕನಿಯಲ್ಲಿ ನಿಂತು ಐದು ನಿಮಿಷ ಚಪ್ಪಾಳೆ ತಟ್ಟಿರಿ, ತಟ್ಟೆ ಬಡಿಯಿರಿ ಎಂದು ಪ್ರಧಾನಮಂತ್ರಿ ಕರೆ ಕೊಟ್ಟಿದ್ದರು. ಜನರು ತಟ್ಟಿದರು. ಶಂಖ ಊದಿದರು, ಗಂಟೆ ಬಾರಿಸಿದರು. ಕೆಲವು ಊರುಗಳಲ್ಲಂತೂ ಗುಂಪುಗೂಡಿ ಮೆರವಣಿಗೆಯನ್ನೇ ಹೊರಡಿಸಿದರು. ಪರಸ್ಪರ ದೂರವಿರಿ ಎಂದು ವೈದ್ಯರು ಅಂಗಲಾಚುತ್ತಿದ್ದ ದಿನದಂದೇ ಅವರಿಗೆ ಧನ್ಯವಾದ ಹೇಳಲು ಒಬ್ಬರ ಹೆಗಲಿಗೆ ಇನ್ನೊಬ್ಬರು ತಾಗಿ ನಡೆದರು! ಏಪ್ರಿಲ್ 5ರ ರಾತ್ರಿ 9 ಗಂಟೆಗೆ ಒಂಬತ್ತು ನಿಮಿಷ ದೀಪ ಬೆಳಗಿಸುವ ಕರೆ ಬಂತು. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂವಿನ ಪಕಳೆ ಸುರಿಸಿದವು. ನಮ್ಮ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮೇಲೂ ಸುರಿಸಿದವು.

ಇವೆಲ್ಲ ಬರಿಯ ನಾಟಕವೆಂದು ತಳ್ಳಿಹಾಕುವವರ ಸಾಲಿಗೆ ನಾವು ಸೇರುವುದಿಲ್ಲ. ಆ ಸಂಜೆ ಮೂರನೇ ಮಹಡಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ ವೃದ್ಧೆಯ ಕೈಯಲ್ಲಿ ಬೇರೇನಿತ್ತು? ಆಕೆಗೆ ಯಾವ ದಾದಿಯ ಪರಿಚಯವೂ ಇರಲಿಲ್ಲ. ಹೊರಗೆ ಹೋಗುವಂತಿರಲಿಲ್ಲ. ತನ್ನ ಭಯವನ್ನೂ ಕೃತಜ್ಞತೆಯನ್ನೂ ಆಕೆ ಚಪ್ಪಾಳೆಯಲ್ಲಿ ಹೇಳಿದಳು. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರನೆಂಬ ಪ್ರವಾದಿ ಬೋಧನೆಯನ್ನು ನಾವು ಮದ್ರಸದ ಮೊದಲ ತರಗತಿಗಳಲ್ಲೇ ಕಲಿತಿದ್ದೇವೆ. ಕೃತಜ್ಞತೆಯನ್ನು ಗೇಲಿ ಮಾಡುವುದು ಸತ್ಯವಿಶ್ವಾಸಿಗೆ ಭೂಷಣವಲ್ಲ. (ದೀಪ ಹಚ್ಚುವುದು ಧರ್ಮಸಮ್ಮತವೇ ಎಂಬ ಬಗ್ಗೆ ಆಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಉರಿದ ಚರ್ಚೆಯ ಕಾಲಂಶವಾದರೂ ಪಕ್ಕದ ಬೀದಿಯ ದಾದಿಯ ಮನೆಗೆ ಹಾಲು, ತರಕಾರಿ ತಲುಪಿದೆಯೇ ಎಂಬ ಬಗ್ಗೆ ನಡೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನಿಸುವುದುಂಟು.)

ಆದರೆ ಕೃತಜ್ಞತೆಗೊಂದು ಕ್ರಮವಿದೆ. ಯಾರಾದರೂ ಉಪಕಾರ ಮಾಡಿದರೆ ಅದಕ್ಕೆ ಪ್ರತ್ಯುಪಕಾರ ಮಾಡಬೇಕೆಂದೂ, ಕೊಡಲು ಏನೂ ಇಲ್ಲದಿದ್ದರೆ ಋಣ ತೀರಿತೆಂದು ನಿಮಗೆ ಮನವರಿಕೆಯಾಗುವವರೆಗೆ ಅವರಿಗಾಗಿ ಪ್ರಾರ್ಥಿಸಬೇಕೆಂದೂ ಪ್ರವಾದಿವರ್ಯರು(ಸ) ಕಲಿಸಿರುವುದು ಅಬೂದಾವೂದ್‌ರ ಸಂಗ್ರಹದಲ್ಲಿದೆ. ಇಲ್ಲಿರುವ ಕ್ರಮವನ್ನು ಗಮನಿಸಿರಿ. ಮೊದಲು ಪ್ರತ್ಯುಪಕಾರ. ಅದಕ್ಕೆ ಶಕ್ತಿ ಇಲ್ಲದವನಿಗೆ ಪ್ರಾರ್ಥನೆ. ಕೈಯಲ್ಲಿ ಶಕ್ತಿ ಇರುವವನು ಬರಿಯ ಬಾಯಿಮಾತಿನ ಧನ್ಯವಾದದಿಂದ ಪಾರಾಗುವಂತಿಲ್ಲ. ಬಾಲ್ಕನಿಯ ವೃದ್ಧೆಗೆ ಚಪ್ಪಾಳೆ ಸಾಕು. ಆದರೆ ದಾದಿಯ ಸಂಬಳದ ಕಡತಕ್ಕೆ ಸಹಿ ಹಾಕುವ ಕೈಯೂ ಚಪ್ಪಾಳೆಯನ್ನೇ ತಟ್ಟಿ ಕುಳಿತರೆ ಅದನ್ನು ಕೃತಜ್ಞತೆ ಎನ್ನಲಾದೀತೇ?

ಈ ಮಾನದಂಡದಿಂದ ಆ ದಿನಗಳನ್ನು ಮತ್ತೊಮ್ಮೆ ನೋಡೋಣ. ಭಾರತದಲ್ಲಿ ಕೊರೋನಾದಿಂದ ಸಂಭವಿಸಿದ ಮೊದಲ ಸಾವು ನಮ್ಮ ಕಲಬುರಗಿಯದ್ದು. 2020ರ ಮಾರ್ಚ್ 10ರಂದು 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅವರಿಗೆ ಚಿಕಿತ್ಸೆ ನೀಡಿದ ವೈದ್ಯರಿಗೂ ಸೋಂಕು ತಗಲಿತು. ಅಪಾಯ ಯಾರ ಕಡೆಗೆ ಬರುತ್ತಿದೆಯೆಂಬುದು ಚಪ್ಪಾಳೆಗಿಂತ ಮೊದಲೇ ತಿಳಿದಿತ್ತು. ಹೀಗಿದ್ದೂ ಅದೇ ತಿಂಗಳ ಕೊನೆಗೆ ಕೊಲ್ಕತ್ತಾದ ಕಿರಿಯ ವೈದ್ಯರ ಕೈಗೆ ರಕ್ಷಣಾ ಉಡುಪಿನ ಬದಲು ಮಳೆಯಂಗಿ ಬಂತು. ಚಪ್ಪಾಳೆಯ ಸದ್ದಡಗಿ ಎರಡು ದಿನ ಕಳೆಯುವಷ್ಟರಲ್ಲಿ, ಬಾಡಿಗೆ ಮನೆಗಳಿಂದ ತಮ್ಮನ್ನು ಹೊರಹಾಕಲಾಗುತ್ತಿದೆಯೆಂದು ದೆಹಲಿಯ ಏಮ್ಸ್ ನಿವಾಸಿ ವೈದ್ಯರ ಸಂಘ ಗೃಹಮಂತ್ರಿಗೆ ಪತ್ರ ಬರೆಯಿತು. ಏಪ್ರಿಲ್ 19ರಂದು ಚೆನ್ನೈಯಲ್ಲಿ ನರರೋಗ ಶಸ್ತ್ರಚಿಕಿತ್ಸಕ ಡಾ. ಸೈಮನ್ ಹರ್ಕ್ಯುಲಸ್ ಕೊರೋನಾದಿಂದ ನಿಧನರಾದರು. ಅವರ ಮೃತದೇಹ ಹೊತ್ತ ಆ್ಯಂಬುಲೆನ್ಸಿನ ಮೇಲೆ ಜನ ಕಲ್ಲು ತೂರಿದರು. ಕೊನೆಗೆ ಸಹೋದ್ಯೋಗಿ ವೈದ್ಯರೊಬ್ಬರೇ ನಡುರಾತ್ರಿ ಸಲಿಕೆ ಹಿಡಿದು ಗೆಳೆಯನ ದೇಹಕ್ಕೆ ಮಣ್ಣು ಹಾಕಬೇಕಾಯಿತು.

ಸೆಪ್ಟೆಂಬರಿನಲ್ಲಿ ಸಂಸತ್ತು ಸೇರಿದಾಗ, ಆರೋಗ್ಯವು ರಾಜ್ಯಗಳ ವಿಷಯವಾದ್ದರಿಂದ ಸೋಂಕಿಗೆ ಬಲಿಯಾದ ಆರೋಗ್ಯ ಸಿಬ್ಬಂದಿಯ ಮಾಹಿತಿ ಕೇಂದ್ರದ ಬಳಿ ಇಲ್ಲ ಎಂಬ ಉತ್ತರ ಬಂತು. ಭಾರತೀಯ ವೈದ್ಯಕೀಯ ಸಂಘ ಮರುದಿನವೇ ಮೃತಪಟ್ಟ 382 ವೈದ್ಯರ ಪಟ್ಟಿಯನ್ನು ಮುಂದಿಟ್ಟಿತು. ಅದು ವೈದ್ಯರ ಪಟ್ಟಿ ಮಾತ್ರ. ದಾದಿಯರು, ವಾರ್ಡಿನ ಆಯಾಗಳು, ಶವ ಸಾಗಿಸಿದವರು ಅದರಲ್ಲಿಲ್ಲ. ಆರೋಗ್ಯ ಸಿಬ್ಬಂದಿಗೆ 50 ಲಕ್ಷ ರೂಪಾಯಿಗಳ ವಿಮೆ ಘೋಷಿಸಿದ್ದನ್ನು ನಾವು ಅಲ್ಲಗಳೆಯುವುದಿಲ್ಲ, ಅದು ನಿಜವಾದ ಪ್ರತ್ಯುಪಕಾರದ ಕಡೆಗಿಟ್ಟ ಹೆಜ್ಜೆಯೇ. ಆದರೆ ಸತ್ತವರು ಎಷ್ಟು ಮಂದಿ ಎಂದು ಎಣಿಸದವರು ಯಾರಿಗೆ ಧನ್ಯವಾದ ಹೇಳಿದರು?

ಇಲ್ಲಿ ನಮಗೆ ಮಸ್ಜಿದುನ್ನಬವಿಯಲ್ಲಿ ಕಸ ಗುಡಿಸುತ್ತಿದ್ದ ಮಹಿಳೆಯ ನೆನಪಾಗುತ್ತದೆ. ಆಕೆ ಕಾಣದಿದ್ದಾಗ ಪ್ರವಾದಿವರ್ಯರು(ಸ) ವಿಚಾರಿಸಿದರು. ತೀರಿಕೊಂಡಳು ಎಂದರು. ನನಗೇಕೆ ತಿಳಿಸಲಿಲ್ಲವೆಂದು ಕೇಳಿದರು. ದೊಡ್ಡ ವಿಷಯವಲ್ಲವೆಂದು ಸಂಗಡಿಗರು ಭಾವಿಸಿದ್ದರು. ಅವರು ಆಕೆಯ ಗೋರಿಯನ್ನು ತೋರಿಸುವಂತೆ ಹೇಳಿ, ಅಲ್ಲಿಗೆ ಹೋಗಿ ಪ್ರಾರ್ಥಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಘಟನೆಯಿದು. ಒಬ್ಬಳು ಕಸಗುಡಿಸುವವಳು ಕಡಿಮೆಯಾದುದು ಸಮಾಜದ ನಾಯಕನಿಗೆ ಗೊತ್ತಾಯಿತು. ಕೃತಜ್ಞತೆಯ ಮೊದಲ ಲಕ್ಷಣ ಇದೇ.

ಇದು ಭಾರತದ ಕಥೆ ಮಾತ್ರವಲ್ಲ. ಬ್ರಿಟನ್ನಿನಲ್ಲಿ 2020ರ ಮಾರ್ಚ್ 26ರಿಂದ ಮೇ 28ರವರೆಗೆ ಪ್ರತಿ ಗುರುವಾರ ರಾತ್ರಿ 8 ಗಂಟೆಗೆ ಜನ ಮನೆಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು. ಪ್ರಧಾನಿ ಬೋರಿಸ್ ಜಾನ್ಸನ್ ಕೂಡಾ ತಟ್ಟಿದರು. ಆ ಮೊದಲ ಗುರುವಾರದ ಆಸುಪಾಸಿನಲ್ಲೇ ಅಲ್ಲಿ ಕೊರೋನಾಕ್ಕೆ ಬಲಿಯಾದ ಮೊದಲ ವೈದ್ಯರಲ್ಲಿ ಪಾಕಿಸ್ತಾನ ಮೂಲದ ಹಬೀಬ್ ಝೈದಿ, ಸುಡಾನ್ ಮೂಲದ ಆದಿಲ್ ಎಲ್ ತಯ್ಯಾರ್, ಅಮ್ಜದ್ ಎಲ್ ಹೌರಾನಿ ಇದ್ದರು. ಹೊರಗಿನಿಂದ ಬಂದವರು ನಮ್ಮ ಆಸ್ಪತ್ರೆಗಳಿಗೆ ಹೊರೆ ಎಂದು ವರ್ಷಗಟ್ಟಲೆ ಕೇಳಿಸಿಕೊಂಡಿದ್ದ ದೇಶದಲ್ಲಿ ಹೊರಗಿನಿಂದ ಬಂದವರೇ ಮೊದಲು ಪ್ರಾಣ ಕೊಟ್ಟರು. ಏಪ್ರಿಲಿನಲ್ಲಿ ಪ್ರಧಾನಿಯೇ ಸೋಂಕಿನಿಂದ ತೀವ್ರ ನಿಗಾ ಘಟಕ ಸೇರಿದಾಗ ಅವರ ಹಾಸಿಗೆಯ ಬಳಿ ಎಚ್ಚರವಿದ್ದ ಇಬ್ಬರು ದಾದಿಯರಲ್ಲಿ ಒಬ್ಬರು ನ್ಯೂಝಿಲೆಂಡಿನವರು, ಇನ್ನೊಬ್ಬರು ಪೋರ್ಚುಗಲ್‌ನವರು. ಪ್ರಧಾನಿ ಇಬ್ಬರಿಗೂ ಹೆಸರು ಹೇಳಿ ಧನ್ಯವಾದ ಸಲ್ಲಿಸಿದರು. ಮುಂದಿನ ಮಾರ್ಚ್‌ನಲ್ಲಿ ಅದೇ ಸರಕಾರ ದಾದಿಯರಿಗೆ ಶೇ. 1ರ ವೇತನ ಹೆಚ್ಚಳದ ಪ್ರಸ್ತಾಪವಿಟ್ಟಿತು. ಪ್ರತಿಭಟನೆಯ ಬಳಿಕ ಅದು ಶೇ. 3ಕ್ಕೆ ಏರಿತು. 2021ರ ಮೇ ತಿಂಗಳಲ್ಲಿ ಆ ನ್ಯೂಝಿಲೆಂಡಿನ ದಾದಿ ಜೆನ್ನಿ ಮೆಕ್‌ಗೀ, ದಾದಿಯರಿಗೆ ಸಲ್ಲಬೇಕಾದ ಗೌರವವೂ ವೇತನವೂ ಸಿಗುತ್ತಿಲ್ಲವೆಂದು ಕೆಲಸ ಬಿಟ್ಟರು. 2022ರ ಡಿಸೆಂಬರಿನಲ್ಲಿ ದಾದಿಯರು ಮುಷ್ಕರ ಹೂಡಿದರು.

ನಮ್ಮ ರಾಜ್ಯಕ್ಕೆ ಬರೋಣ. ಮನೆಮನೆಗೆ ಹೋಗಿ ಜ್ವರ ವಿಚಾರಿಸಿದವರು, ಕ್ವಾರಂಟೈನಿನಲ್ಲಿದ್ದವರ ಮೇಲೆ ಕಣ್ಣಿಟ್ಟವರು ಆಶಾ ಕಾರ್ಯಕರ್ತೆಯರು. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಹುಟ್ಟಿಕೊಂಡ ಈ ಹುದ್ದೆ ಕಾಗದದ ಮೇಲೆ ಹುದ್ದೆಯೇ ಅಲ್ಲ. ಅವರು 'ಸ್ವಯಂಸೇವಕಿಯರು'. ಪಡೆಯುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಹೂಮಳೆಯಾಗಿ ಎರಡು ತಿಂಗಳು ಕಳೆದು, ಜುಲೈ 10ರಿಂದ ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಿದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟು ಗೌರವಿಸಿತು. 2025ರ ಜನವರಿಯ ಚಳಿಯಲ್ಲಿ ಅದೇ ಪ್ರಶಸ್ತಿ ವಿಜೇತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ರಾತ್ರಿ ಕಳೆದರು. ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಪಡೆದು ಮನೆಗೆ ಹೋದರು. ಹೂವಿನ ಪಕಳೆಯಿಂದ ಆ ಭರವಸೆಯವರೆಗೆ ನಾಲ್ಕೂವರೆ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಕೂಲಿಯಾಳಿನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಕಲಿತವರು ನಾವು.

ಸರಕಾರವನ್ನು ದೂರುವಾಗ ಸಭೆಯಲ್ಲಿ ತಲೆಗಳು ಅಲ್ಲಾಡುತ್ತವೆ. ಈಗ ನಮ್ಮ ಕಡೆಗೆ ತಿರುಗೋಣ.

2020ರ ಏಪ್ರಿಲ್ 1ರಂದು ಇಂದೋರಿನ ಟಾಟ್‌ಪಟ್ಟಿ ಬಾಖಲ್‌ನಲ್ಲಿ ತಪಾಸಣೆಗೆ ಬಂದ ಆರೋಗ್ಯ ತಂಡವನ್ನು ಕಲ್ಲು ತೂರಿ ಅಟ್ಟಿಸಿಕೊಂಡು ಹೋದವರು ನಮ್ಮವರು. ಆ ತಂಡದಲ್ಲಿ ಇಬ್ಬರು ವೈದ್ಯೆಯರಿದ್ದರು. ಅದೇ ವಾರ ಬೆಂಗಳೂರಿನ ಬಡಾವಣೆಯೊಂದರಲ್ಲಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆಯ ಕೈಯಿಂದ ಕಾಗದಪತ್ರ ಕಸಿದು ಹಲ್ಲೆ ಮಾಡಲಾಯಿತು. ಏಪ್ರಿಲ್ 19ರ ರಾತ್ರಿ ಪಾದರಾಯನಪುರದಲ್ಲಿ ತಡೆಬೇಲಿಗಳನ್ನು ಮುರಿಯಲಾಯಿತು. ಆಗ ಭಯವಿತ್ತು, ನಿಜ. ಪೌರತ್ವ ನೋಂದಣಿಯ ಆತಂಕದಿಂದ ಸಮುದಾಯ ಇನ್ನೂ ಹೊರಬಂದಿರಲಿಲ್ಲ. ಹೆಸರು, ಸಂಖ್ಯೆ ಕೇಳುವ ಯಾವ ಕಾಗದವನ್ನು ಕಂಡರೂ ಎದೆ ನಡುಗುತ್ತಿತ್ತು. ಟಿ.ವಿ. ಚಾನೆಲ್‌ಗಳು ತಬ್ಲೀಗಿನ ಹೆಸರಲ್ಲಿ ಇಡೀ ಸಮುದಾಯವನ್ನು ಕಟಕಟೆಯಲ್ಲಿ ನಿಲ್ಲಿಸಿದ್ದವು. ಅವರನ್ನು ಬಲಿಪಶು ಮಾಡಲಾಯಿತೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಹೇಳಿದ್ದು ಆ ವರ್ಷದ ಆಗಸ್ಟಿನಲ್ಲಿ, ಗಾಯವಾದ ಮೇಲೆ. ಆದರೆ ಟಿ.ವಿ. ಚಾನೆಲ್‌ನವರ ತಪ್ಪಿಗೆ ಆಶಾ ಕಾರ್ಯಕರ್ತೆಗೆ ಶಿಕ್ಷೆ ಕೊಡುವುದು ಯಾವ ನ್ಯಾಯ? ಆಕೆ ಬಂದದ್ದು ನಮ್ಮ ತಾಯಿಗೆ ಜ್ವರವಿದೆಯೇ ಎಂದು ಕೇಳಲು. ಇಂದೋರಿನ ಮುಸ್ಲಿಮರು ಬಳಿಕ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಬಹಿರಂಗ ಕ್ಷಮೆ ಕೇಳಿದರು. ಚಪ್ಪಾಳೆಗಿಂತ ಆ ಜಾಹೀರಾತು ನಮಗೆ ಹೆಚ್ಚು ಅಮೂಲ್ಯವಾಗಿ ಕಾಣುತ್ತದೆ. ನಮ್ಮ ಯುವಕರು ಜಾತಿಮತ ನೋಡದೆ ಕೊರೋನಾ ಶವಗಳ ಅಂತ್ಯಸಂಸ್ಕಾರ ಮಾಡಿದ ಚಿತ್ರಗಳನ್ನು ನಾವು ಹೆಮ್ಮೆಯಿಂದ ಹಂಚಿದ್ದೇವೆ, ಹಂಚಬೇಕಾದ್ದೇ. ಈ ಇನ್ನೊಂದು ಚಿತ್ರವನ್ನೂ ಮರೆಯಬಾರದು.

ಇನ್ನೊಂದು ಮಾತು. ಇದನ್ನು ಹೇಳಲೆಂದೇ ನಾವು ಇಲ್ಲಿಗೆ ಬಂದಿದ್ದೇವೆ. ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೆರಿಗೆಯಾಗುವಾಗ ವೈದ್ಯೆಯೇ ಬೇಕು, ದಾದಿಯೂ ಹೆಣ್ಣೇ ಆಗಿರಬೇಕು. ಪುರುಷ ಸಿಬ್ಬಂದಿ ಒಳಗೆ ಬಂದರೆ ಗಲಾಟೆ ಮಾಡುತ್ತೇವೆ. ಆದರೆ ನಮ್ಮ ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಕಲಿಯುತ್ತೇನೆಂದರೆ ಮನೆಯಲ್ಲಿ ಮೌನ. ರಾತ್ರಿ ಪಾಳಿ, ಪರಪುರುಷರ ಸೇವೆ, ನಾಳೆ ವರ ಸಿಗುವುದು ಕಷ್ಟ. ಹಾಗಾದರೆ ನಮ್ಮ ಸೊಸೆಯ ಹೆರಿಗೆಗೆ ನಿಲ್ಲುವವಳು ಯಾರ ಮಗಳಾಗಿರಬೇಕು? ಇನ್ನೊಬ್ಬರ ಮಗಳ ರಾತ್ರಿ ಪಾಳಿ ನಮಗೆ ಸೇವೆ, ನಮ್ಮ ಮಗಳ ರಾತ್ರಿ ಪಾಳಿ ಅವಮಾನ! ಖಂದಕ್‌ನಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರ ಆರೈಕೆ ನಡೆದದ್ದು ಮಸೀದಿಯ ಆವರಣದ ಡೇರೆಯಲ್ಲಿ. ಚರಿತ್ರಕಾರರು ಆ ಡೇರೆಯೊಂದಿಗೆ ರುಫೈದಾ(ರ)ರ ಹೆಸರನ್ನು ಹೇಳುತ್ತಾರೆ. ಉಮ್ಮು ಅತಿಯ್ಯ(ರ) ಏಳು ಯುದ್ಧಯಾತ್ರೆಗಳಲ್ಲಿ ಜೊತೆಗಿದ್ದು ಅಡುಗೆ ಮಾಡಿದರು, ಗಾಯಾಳುಗಳಿಗೆ ಮದ್ದು ಹಚ್ಚಿದರು, ರೋಗಿಗಳನ್ನು ನೋಡಿಕೊಂಡರು. ರುಬಯ್ಯಿ ಬಿನ್ತ್ ಮುಅವ್ವಿದ್(ರ) ಗಾಯಾಳುಗಳನ್ನು ಮದೀನಕ್ಕೆ ಸಾಗಿಸಿದರು. ಅವರ ಗಾಯಾಳುಗಳೆಲ್ಲ ಹೆಂಗಸರಾಗಿದ್ದರೇ? ಈ ಮಹನೀಯರ ಚರಿತ್ರೆಯನ್ನು ನಾವು ಮಹಿಳಾ ಸಮಾವೇಶಗಳಲ್ಲಿ ಉಲ್ಲೇಖಿಸುತ್ತೇವೆ, ಮದುವೆಯ ಮಾತುಕತೆಯಲ್ಲಿ ಮರೆಯುತ್ತೇವೆ.

ವೇದಿಕೆಯಲ್ಲಿರುವ ಸನ್ಮಾನಿತರಲ್ಲಿ ನಮ್ಮ ಸಮುದಾಯದ ಸಹೋದರಿ ಒಬ್ಬರೇ ಇದ್ದಾರೆ. ಅವರ ತಂದೆ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಮಗಳನ್ನು ನರ್ಸಿಂಗಿಗೆ ಸೇರಿಸಿದ ವರ್ಷ ಯಾರು ಯಾರು ಏನೇನು ಹೇಳಿದ್ದರೆಂದು ಸಭೆಗೆ ಮೊದಲು ಅವರು ನಮಗೆ ಹೇಳಿದರು. ಹೆಸರು ಹೇಳುವುದಿಲ್ಲ. ಅಂಥ ಕೆಲವರು ಇಲ್ಲೂ ಇರಬಹುದು. ಇಂದು ಶಾಲು ಹೊದಿಸುವಾಗ ಅವರು ಮುಂದೆ ಬಂದು ಫೋಟೊ ತೆಗೆಸಿಕೊಂಡರೆ ನಮ್ಮ ಆಕ್ಷೇಪವಿಲ್ಲ. ಆದರೆ ಆ ತಂದೆಯ ಬಳಿಗೂ ಒಮ್ಮೆ ಹೋಗಿ ಬನ್ನಿರಿ.

ಜಮಾಅತಿನ ಪದಾಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಮೇ 12ಕ್ಕೆ ಶಾಲು, ಹಣ್ಣಿನ ಬುಟ್ಟಿ, ಬ್ಯಾನರಿನ ಖರ್ಚನ್ನು ತೆಗೆದಿಟ್ಟು ಈ ಮೊಹಲ್ಲಾದ ಒಬ್ಬ ಹುಡುಗಿಯ ನರ್ಸಿಂಗ್ ಶುಲ್ಕಕ್ಕೆ ಸೇರಿಸಿರಿ. ಸಾಲದಿದ್ದರೆ ಝಕಾತಿನ ಸಮಿತಿ ಇದೆ, ಅರ್ಹರನ್ನು ಗುರುತಿಸಲಿ. ಆಶಾ ಕಾರ್ಯಕರ್ತೆ ಪೋಲಿಯೊ ಹನಿಗೋ ಸಮೀಕ್ಷೆಗೋ ಬಂದಾಗ ಬಿಸಿಲಲ್ಲಿ ನಿಲ್ಲಿಸದೆ ಮದ್ರಸದ ಒಂದು ಕೋಣೆ ತೆರೆದುಕೊಡಿ. ಆಕೆ ಯಾಕೆ ಬಂದಿದ್ದಾಳೆಂದು ಜುಮಾದ ಮೊದಲೇ ಖತೀಬರು ಜನರಿಗೆ ತಿಳಿಸಲಿ. ಆಕೆಯ ಗೌರವಧನ ಬಾಕಿಯಿದ್ದರೆ ಶಾಸಕರಿಗೆ ಕೊಡುವ ಮನವಿಯಲ್ಲಿ ರಸ್ತೆ, ಕಬರಸ್ಥಾನದ ಆವರಣಗೋಡೆಯ ಜೊತೆ ಅದೂ ಒಂದು ಸಾಲಾಗಿರಲಿ.

ಸಂಘಟಕರು ಚೀಟಿ ಕಳುಹಿಸಿದ್ದಾರೆ. ವೇದಿಕೆಯಲ್ಲಿರುವ ಇಬ್ಬರು ದಾದಿಯರಿಗೆ ಎರಡು ಗಂಟೆಗೆ ಪಾಳಿ ಆರಂಭವಾಗುತ್ತದಂತೆ. ಅವರಿಗೆ ಮೊದಲು ಊಟ ಬಡಿಸಿರಿ.